ಲಾವೊಕೂನ್ ಮತ್ತು ಪುತ್ರರು

ಆಡ್ರಿಯಾನ್ ಡಿ ವ್ರೀಸ್ (ಸು. 1556–1626) ರಚಿಸಿದ ಕಂಚಿನ ಶಿಲ್ಪಸಮೂಹ, ಆರಂಭಕಾಲದ ಬರೋಕ್ ಶೈಲಿಯದು. ಮರದ ಕುದುರೆಯನ್ನು ಕೋಟೆಯೊಳಕ್ಕೆ ಬಿಟ್ಟುಕೊಳ್ಳಬೇಡಿರೆಂದು ಎಚ್ಚರಿಸಿದ ಟ್ರಾಯ್ ನಗರದ ಪುರೋಹಿತ ಲಾವೊಕೂನನನ್ನೂ ಅವನ ಇಬ್ಬರು ಮಕ್ಕಳನ್ನೂ ಕಡಲಿನಿಂದ ಬಂದ ಹಾವುಗಳು ಕೊಲ್ಲುವ ಪ್ರಸಂಗ ಇದರ ವಸ್ತು. ವರ್ಜಿಲನ ‘ಈನೀಡ್’ ಮಹಾಕಾವ್ಯದ ಎರಡನೆಯ ಸರ್ಗದಲ್ಲಿ ಈ ಕಥೆ ಬರುತ್ತದೆ.

ಇದೇ ವಸ್ತುವಿನ, 1506ರಲ್ಲಿ ರೋಮಿನಲ್ಲಿ ದೊರೆತ ಪ್ರಾಚೀನ ಅಮೃತಶಿಲೆಯ ಲಾವೊಕೂನ್ ಈಗ ವ್ಯಾಟಿಕನ್‌ನಲ್ಲಿದೆ. ಅದನ್ನು ಎದುರು ನಿಂತು ನೋಡಿದರೆ ಸಾಕು. ಆದರೆ ಡಿ ವ್ರೀಸ್‌ನ ಕೃತಿಗೆ ಸುತ್ತು ಬರಬೇಕು. ಮೈಗಳೂ ಹಾವುಗಳೂ ಹೆಣೆದುಕೊಂಡು ಮೇಲಕ್ಕೇರುವ ಅದರ ರಚನೆಯಲ್ಲಿ ಇದೇ ಮುಂಭಾಗ ಎನ್ನುವಂತಿಲ್ಲ. ಫ್ಲಾರೆನ್ಸಿನಲ್ಲಿ ಶಿಲ್ಪಿ ಜಾಂಬೊಲೊನ್ಯಾನ ಕೈಕೆಳಗೆ ಪಳಗಿದವನಿಗೆ ಇದು ಸಹಜವೇ. ಮೂಲ ಮೇಣದ ಪ್ರತಿಮೆಯನ್ನೇ ಕರಗಿಸಿ ಎರಕ ಹೊಯ್ಯುವುದು ಡಿ ವ್ರೀಸ್‌ನ ರೂಢಿ. ಎರಕ ಕೆಟ್ಟರೆ ಮೇಣವೂ ಇಲ್ಲ, ಶಿಲ್ಪವೂ ಇಲ್ಲ. ಕೊನೆಗಾಲದ ಕೃತಿಗಳಲ್ಲಿ ಅವನು ಮೇಲ್ಮೈಯನ್ನು ಹೆಚ್ಚು ನಯಗೊಳಿಸಲಿಲ್ಲ. ಈ ಒರಟುತನವೇ ಅವುಗಳ ಸೊಗಸು.

ಸೇನಾನಿ ವಾಲೆನ್‌ಸ್ಟೈನ್‌ನ ಪ್ರಾಗ್ ಅರಮನೆಯ ಉದ್ಯಾನಕ್ಕಾಗಿ 1620ರ ದಶಕದಲ್ಲಿ ಈ ಶಿಲ್ಪಸಮೂಹ ಸಿದ್ಧವಾಯಿತು. 1648ರಲ್ಲಿ ಸ್ವೀಡನ್ನಿನ ಸೈನ್ಯ ಅಲ್ಲಿನ ಇತರ ಶಿಲ್ಪಗಳೊಂದಿಗೆ ಇದನ್ನೂ ಕೊಳ್ಳೆಹೊಡೆಯಿತು. ಮೂಲಕೃತಿ ಸ್ಟಾಕ್‌ಹೋಮ್ ಬಳಿಯ ಡ್ರಾಟ್ನಿಂಗ್‌ಹೋಮ್‌ನಲ್ಲಿದೆ. ಪ್ರಾಗ್ ಉದ್ಯಾನದಲ್ಲಿರುವುದು ಪ್ರತಿಕೃತಿ.