ಉದ್ಯಮಬಾಗಕ್ಕೆ ಬಂದ ಎರಡು 'ಶಲ್'

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕವಾಗುವ ಬೂದು ಬೀಡುಕಬ್ಬಿಣಕ್ಕೆ ಅಳತೆಗೋಲು ಐಎಸ್ 210 ಎಂಬ ಭಾರತೀಯ ಮಾನಕ. ಡ್ರಾಯಿಂಗಿನ ಮೇಲೆ ಎಫ್‌ಜಿ 200 ಎಂದಿದ್ದರೆ ಪರೀಕ್ಷೆಯ ತುಂಡು ಚದರ ಮಿಲಿಮೀಟರಿಗೆ ಕನಿಷ್ಠ 200 ನ್ಯೂಟನ್ ಎಳೆತ ತಾಳಬೇಕು. ತಾಳದಿದ್ದರೆ ಮಾಲು ರಿಜೆಕ್ಟ್. ಈ 'ಬೇಕು' ಇಂಗ್ಲಿಷ್ ಮಾನಕಗಳಲ್ಲಿ 'ಶಲ್' ಆಗಿ ಕೂತಿದೆ. ಶಾಲೆಯ ವ್ಯಾಕರಣದಲ್ಲಿ ಅದೇ ಪದ ಬರೀ ಭವಿಷ್ಯತ್ಕಾಲ: 'ಐ', 'ವಿ' ಬಂದರೆ ಶಲ್, ಉಳಿದವಕ್ಕೆ ವಿಲ್. ನಮ್ಮವರು ಇಲ್ಲಿ ಎಡವಿದರೆ ಇಂಗ್ಲಿಷ್ ಬಾರದು ಎಂದು ಮೂಗು ಮುರಿಯುವುದು ತಪ್ಪು. ಒಂದೇ ಪದ ಎರಡು ಬಾಗಿಲಿನಿಂದ ಒಳಬಂದಿದೆ.

ಶಾಲೆಯ ಬಾಗಿಲು ಹಳೆಯದು. 1653ರಲ್ಲಿ ಜಾನ್ ವಾಲಿಸ್ ಪರದೇಶದವರಿಗೆಂದು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಆ ಸೂತ್ರವಿದೆ. (ಅನಂತಕ್ಕೆ ಮಲಗಿಸಿದ ಎಂಟರ ಗುರುತು ಕೊಟ್ಟ ಗಣಿತಜ್ಞನೂ ಈತನೇ, ಭಾಷೆಯನ್ನೂ ಲೆಕ್ಕದಂತೆ ಕಂಡಿರಬೇಕು.) ಬೆಳಗಾವಿ 1956ರವರೆಗೆ ಮುಂಬಯಿಗೆ ಸೇರಿತ್ತು. ಆ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದ ಪಿ.ಸಿ. ರೆನ್, ಎಚ್. ಮಾರ್ಟಿನ್ ಜೊತೆಗೂಡಿ ಬರೆದ ವ್ಯಾಕರಣ ಅದೇ ಸೂತ್ರ ಹೊತ್ತು ತಲೆಮಾರುಗಳಿಗೆ ಪಠ್ಯವಾಯಿತು. ಇನ್ನೊಂದು ಬಾಗಿಲು ಕಾನೂನಿನದು, ಅದರ ಹಿಂದೆಯೇ ಮಾನಕಗಳದು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು, 1987ರಲ್ಲಿ ಅದರ ಕೆಲಸ ಮಾನಕ ಬ್ಯೂರೋಗೆ ಬಂತು. ಇಲ್ಲಿ ಶಲ್ ಎಂದರೆ ಕಡ್ಡಾಯ, ಶುಡ್ ಎಂದರೆ ಸಲಹೆ, ಮೇ ಎಂದರೆ ಅನುಮತಿ. ಉದ್ಯಮಬಾಗದಲ್ಲಿ 1979ರಿಂದ ಇರುವ ಗೋಗಟೆ ಎಂಜಿನಿಯರಿಂಗ್ ಕಾಲೇಜನ್ನು ನಡೆಸುವುದು ಕರ್ನಾಟಕ ಲಾ ಸೊಸೈಟಿ. ಕಾನೂನು, ಎಂಜಿನಿಯರಿಂಗ್ ಎರಡೂ ವಿದ್ಯೆಗಳಿಗೆ ಒಂದೇ ಮನೆ.

ಕಡ್ಡಾಯವೆನ್ನಲು 'ಮಸ್ಟ್' ಸಾಲದೇ ಎಂಬ ಆಕ್ಷೇಪವುಂಟು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಓದ ನಿಯಮಗಳೇ ಅದನ್ನು ಒಪ್ಪುವುದಿಲ್ಲ: ಸರ್ಕಾರದ ಕಾಯಿದೆ ಹೇರುವ ಕಟ್ಟಳೆಯೂ ಮಾನಕದ ಷರತ್ತೂ ಒಂದೇ ಎಂಬ ಗೊಂದಲ ಬೇಡವೆಂದು. ನ್ಯಾಯಾಲಯದಲ್ಲಿ ಶಲ್ ಕೂಡ ಗಟ್ಟಿಯಲ್ಲವಲ್ಲ ಎಂಬುದು ಇನ್ನೂ ತೂಕದ ಮಾತು. 1957ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 320ನೇ ವಿಧಿಯ ಶಲ್ ಕಡ್ಡಾಯವಲ್ಲ ಎಂದದ್ದು ನಿಜ. ಆದರೆ ಅಲ್ಲಿ ಪದದ ಅರ್ಥವನ್ನು ತೂಗಿ ನೋಡಲು ನ್ಯಾಯಾಧೀಶರಿದ್ದಾರೆ. ಕುಲುಮೆಯ ಮುಂದೆ ನಿಂತವನಿಗೆ ಆ ಬಿಡುವಿಲ್ಲ.

ಬೀಗದ ಕೈ ಕನ್ನಡದಲ್ಲೇ ಇತ್ತು. ಕರ್ನಾಟಕದ ಅಧಿನಿಯಮಗಳ ಕನ್ನಡ ಪಾಠದಲ್ಲಿ ಶಲ್‌ಗೆ 'ತಕ್ಕದ್ದು', ಮೇಗೆ 'ಬಹುದು'. 'ಪರೀಕ್ಷಿಸತಕ್ಕದ್ದು' ಎಂದರೆ ಯಾರಿಗೂ ಭವಿಷ್ಯತ್ಕಾಲ ನೆನಪಾಗದು. ಇಂಗ್ಲಿಷ್ ತರಗತಿ ಮಾತ್ರ ಈ 'ತಕ್ಕದ್ದು' ಪದವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಾಗೆಂದು ಕನ್ನಡವೂ ಎಲ್ಲ ಕಡೆ ಚೊಕ್ಕವಲ್ಲ. 'ಎರಕದಲ್ಲಿ ಗುಳ್ಳೆ ಬರಬಹುದು' ಎಂಬಲ್ಲಿ ಸಂಭವ, 'ಗುಳ್ಳೆಗೆ ವೆಲ್ಡಿಂಗ್ ಮಾಡಬಹುದು' ಎಂಬಲ್ಲಿ ಅಪ್ಪಣೆ. ಮಾನಕ ಬರೆಯುವವರು ಕ್ಯಾನ್, ಮೇ ಎಂದು ಬೇರ್ಪಡಿಸುವ ಎರಡನ್ನೂ ನಮ್ಮ 'ಬಹುದು' ಒಂದೇ ಬುಟ್ಟಿಗೆ ಹಾಕುತ್ತದೆ. ಎರಡನೆಯದನ್ನು ಮೊದಲನೆಯದೆಂದು ಓದಿದವನು ಗಿರಾಕಿಯ ಒಪ್ಪಿಗೆ ಕಾಯುತ್ತ ಕೂರುತ್ತಾನೆ. ಮೊದಲನೆಯದನ್ನು ಎರಡನೆಯದೆಂದು ಓದಿದವನು ಗುಳ್ಳೆಗೂ ಅಪ್ಪಣೆಯಿದೆ ಎಂದುಕೊಂಡು ಮಾಲು ಕಳಿಸುತ್ತಾನೆ.