ಕುಸನೂರು ಸತ್ಯಾಗ್ರಹ: ಊರ ಭೂಮಿಗಾಗಿ ನಡೆದ ಅಹಿಂಸಾ ಹೋರಾಟ

ವರದಾ ತೀರದ ಕರ್ಜಗಿಯಿಂದ ತುಂಗಭದ್ರೆಯ ದಡದ ರಾಣೆಬೆನ್ನೂರು ತಾಲೂಕಿನವರೆಗೆ ಹಬ್ಬಿರುವ ಸೀಮೆಗೆ ಸತ್ಯಾಗ್ರಹದ ಹಾದಿ ಹೊಸದಲ್ಲ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹಾದೇವ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. ಸ್ವರಾಜ್ಯಕ್ಕಾಗಿ ಬಳಕೆಯಾದ ಆ ಮಾರ್ಗವು ನೆಲ ಮತ್ತು ಮರಗಳ ರಕ್ಷಣೆಗೆ ಮತ್ತೆ ಬಳಕೆಯಾದದ್ದು 1987ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ಕಟ್ಟಿಗೆಯನ್ನು ಬೆಳೆಯುವ ಸಲುವಾಗಿ, ರಾಜ್ಯ ಸರ್ಕಾರ ಶೇ. 51 ಹಾಗೂ ಕಾರ್ಖಾನೆ ಶೇ. 49 ಪಾಲು ಹೊಂದಿದ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯ ಸ್ಥಾಪನೆಗೆ 1984ರ ನವೆಂಬರ್ 14ರಂದು ಒಪ್ಪಂದವಾಯಿತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿ ಇದಕ್ಕಾಗಿ ಗುರುತಾಯಿತು. ದಾಖಲೆಯಲ್ಲಿ ಅದು ಸರ್ಕಾರದ್ದಾಗಿದ್ದರೂ ದನಗಳ ಮೇವಿಗೆ, ಒಲೆಯ ಉರುವಲಿಗೆ ಸುತ್ತಲಿನ ಹಳ್ಳಿಗಳು ಅದನ್ನೇ ನಂಬಿದ್ದವು. ದನ ಮೇಯದ ನೀಲಗಿರಿ ಅಲ್ಲಿ ಬೇರೂರಿದರೆ ಹೆಚ್ಚಿನ ನಷ್ಟ ಸ್ವಂತ ಹೊಲವಿಲ್ಲದ ಬಡವರಿಗೇ ಆಗುತ್ತಿತ್ತು.

ಎಸ್. ಆರ್. ಹಿರೇಮಠ ಅವರ ಮುಂದಾಳತ್ವದ ಸಮಾಜ ಪರಿವರ್ತನ ಸಮುದಾಯವು ಒಂದೆಡೆ ಶಿವರಾಮ ಕಾರಂತರೊಡಗೂಡಿ ಸುಪ್ರೀಂ ಕೋರ್ಟಿನ ಮೊರೆಹೋಗಿ 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಪಡೆಯಿತು. ಇನ್ನೊಂದೆಡೆ, ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನವೇ ‘ಕಿತ್ತಿಕೊ-ಹಚ್ಚಿಕೊ’, ಅಂದರೆ ಬೇಡದ ಸಸಿ ಕಿತ್ತು ಬೇಕಾದ ಸಸಿ ನೆಡುವ, ಸತ್ಯಾಗ್ರಹವನ್ನು ಕುಸನೂರಿನಲ್ಲಿ ಏರ್ಪಡಿಸಿತು. ಸುಮಾರು 2,000 ಜನ ಸ್ತ್ರೀಪುರುಷರು ಅಹಿಂಸೆಯ ಪ್ರತಿಜ್ಞೆ ಮಾಡಿ, ವಾದ್ಯದವರನ್ನು ಮುಂದಿಟ್ಟುಕೊಂಡು ಮೆರವಣಿಗೆಯಲ್ಲಿ ಸಾಗಿ, ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ಅಲ್ಲಿ ನೆಟ್ಟರು. ಚದುರುವ ಮುನ್ನ ಅವುಗಳಿಗೆ ನೀರೆರೆದು ಸಲಹುವುದಾಗಿ ಮತ್ತೊಂದು ಪ್ರತಿಜ್ಞೆ ಮಾಡಿದರು.

ಕೀಳುವುದಕ್ಕಷ್ಟೇ ನಿಂತಿದ್ದರೆ ಇದು ಪ್ರತಿಭಟನೆಯಾಗಿ ಮುಗಿಯುತ್ತಿತ್ತು. ನೆಡುವ, ಸಲಹುವ ಹೊಣೆಯನ್ನೂ ಹೊತ್ತದ್ದರಿಂದ ಆ ಭೂಮಿಯನ್ನು ನೋಡಿಕೊಳ್ಳಲು ಊರು ಸಮರ್ಥವೆಂಬುದನ್ನು ಜನರು ನಡೆದು ತೋರಿಸಿದಂತಾಯಿತು. ನ್ಯಾಯಾಲಯ ಮತ್ತು ಜನಾಂದೋಲನಗಳೆರಡರ ಒತ್ತಡಕ್ಕೆ ಸಿಲುಕಿದ ಕಂಪನಿಯನ್ನು 1991ರಲ್ಲಿ ಮುಚ್ಚಲಾಯಿತು.