ಅಕ್ಷರಕ್ಕೊಂದು ಸ್ವಂತ ಮನೆ

ರಾಜಾಜಿನಗರದಲ್ಲಿ ಬಾಡಿಗೆ ಮನೆ ಬದಲಿಸಿ ದಣಿದ ಗೃಹಿಣಿಯರಿಗೆ ಸ್ವಂತ ಸೂರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಬರವಣಿಗೆಗೂ ಅದೇ ಮಾತು. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಅಂತರ್ಜಾಲದಲ್ಲಿ ಪುಕ್ಕಟೆ ಜಾಗ ಕೊಟ್ಟಿತು. 1999ರಲ್ಲಿ ಅದನ್ನು ಕೊಂಡ ಯಾಹೂ, ಜಪಾನ್ ಹೊರತು ಉಳಿದೆಡೆ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಪ್ರತಿ ಇಟ್ಟುಕೊಳ್ಳದವರ ಎಷ್ಟೋ ಪುಟಗಳು ಹೋದವು.

ಕನ್ನಡದಲ್ಲಿ 1996ರಲ್ಲೇ ಯು.ಬಿ. ಪವನಜರು ‘ವಿಶ್ವಕನ್ನಡ’ ಜಾಲತಾಣ ತೆರೆದರು. 2003ರಲ್ಲಿ ಬಂದ ವರ್ಡ್‌ಪ್ರೆಸ್‌ನಿಂದ ಸ್ವಂತ ಬ್ಲಾಗು ಕಟ್ಟುವುದು ಸುಲಭವಾಯಿತು. ಆದರೆ ಸ್ವಂತ ಮನೆಗೂ ಕಂದಾಯ, ಸುಣ್ಣಬಣ್ಣ ತಪ್ಪೀತೇ? ತಾಣದ ಹೆಸರಿಗೂ ಸರ್ವರಿನ ಜಾಗಕ್ಕೂ ತಪ್ಪದೆ ಹಣ ಕಟ್ಟಬೇಕು. ತಂತ್ರಾಂಶವನ್ನು ಆಗಾಗ ಹೊಸದಾಗಿಸಬೇಕು. ಹಳತಾದರೆ ಅದು ಕಳ್ಳರಿಗೆ ತೆರೆದಿಟ್ಟ ಹಿತ್ತಿಲ ಬಾಗಿಲು. ಮನೆಪತ್ರದ ನಕಲನ್ನು ಬೇರೆ ಕಡೆ ಜೋಪಾನವಾಗಿಡುವ ನಾವು, ಬರೆದದ್ದಕ್ಕೂ ಇನ್ನೊಂದು ಪ್ರತಿ ಇಡಬೇಡವೇ?